ಸೋಮವಾರದ ಕುದುರಿ

ಮೊದಲು ಬಂದದ್ದು ವಾಸನೆಯೋ ರಸ್ತೆಯ ತಿರುವೋ, ಈಗ ಹೇಳಲಾರೆ. ಹೋದ ವರ್ಷ ಬಳಗದವರ ಮದುವೆಗೆಂದು ರೋಣದಲ್ಲಿ ಗಜೇಂದ್ರಗಡದ ಬಸ್ಸು ಹತ್ತಿದ್ದೆ. ನಮ್ಮೂರ ಹಳ್ಳದ ಹತ್ತಿರ ಬಸ್ಸು ನಿಂತಿತು. ಹುಳಿ ಬಂದ ಜೋಳದ ಗಂಜಿಯ ವಾಸನೆ ಕಿಟಕಿಯೊಳಗೆ ನುಗ್ಗಿತು. ಅಲ್ಲಿ ಈಗ ನೂಲಿಗೆ ಗಂಜಿ ಹಚ್ಚುವವರು ಯಾರೂ ಇಲ್ಲ. ಮಗ್ಗಗಳು ಹೋಗಿ ಎಷ್ಟೋ ವರ್ಷವಾಯಿತು. ಯಾರದೋ ಎಮ್ಮೆಯ ಕಲಗಚ್ಚು ಇದ್ದೀತು. ಇಲ್ಲವೇ ವಾಸನೆ ನನ್ನದೇ ಇದ್ದೀತು, ಮೂವತ್ತು ವರ್ಷ ಗಂಜಿ ಹಾಕಿದ ಖಾಕಿ ತೊಟ್ಟವನು ನಾನು. ಏನೇ ಇರಲಿ, ನನ್ನ ಎರಡೂ ಕೈ ತಾವಾಗಿಯೇ ತಲೆಯ ಹಿಂದಕ್ಕೆ ಹೋದವು. ಪಕ್ಕದಲ್ಲಿದ್ದವನು ನೋಡಿದ.

"ತಲಿ ನೋಯಾಕತ್ತೇತೇನ್ರಿ ಅಜ್ಜಾರ?"

ಇಲ್ಲ ಎಂದೆ. ಬಸ್ಸು ಹೊರಟಿತು.

ಊರಿನ ಹೆಸರು ಬರೆಯುವುದಿಲ್ಲ. ಗಜೇಂದ್ರಗಡಕ್ಕೆ ನಾಲ್ಕು ಮೈಲು, ಅಷ್ಟು ಸಾಕು. ಅಂದು ಹೊಲದಲ್ಲಿದ್ದವರ ಮಕ್ಕಳು ಮೊಮ್ಮಕ್ಕಳು ಇನ್ನೂ ಅಲ್ಲಿದ್ದಾರೆ. ಅವರ ಹಿರಿಯರದು ಏನೂ ತಪ್ಪಿರಲಿಲ್ಲ.

ಧಾರವಾಡ ಜಿಲ್ಲೆ ಮುಂಬೈ ರಾಜ್ಯದಲ್ಲಿದ್ದ ಕೊನೆಯ ವರ್ಷ ಅದು. ನನಗೆ ಇಪ್ಪತ್ನಾಲ್ಕು ತುಂಬಿತ್ತು. ಮನೆಯಲ್ಲಿ ನಾಲ್ಕು ಜನ: ಅಪ್ಪ ಈರಪ್ಪ, ಹೆಂಡತಿ ನೀಲವ್ವ, ವರ್ಷ ತುಂಬದ ಮಗಳು ಗಂಗಿ, ನಾನು. ಪಡಸಾಲೆಯಲ್ಲಿ ಎರಡು ಕುಣಿ ಮಗ್ಗ, ಅಪ್ಪನದೊಂದು, ನನ್ನದೊಂದು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ನೆಲದ ಮಟ್ಟಕ್ಕೆ ಕೂತು ನೇಯಬೇಕು. ಬೆಳಗಿನಿಂದ ಸಂಜೆಯವರೆಗೆ ಸೊಂಟದ ಮೇಲಿನ ಅರ್ಧ ಮನುಷ್ಯ ಮನೆಯಲ್ಲಿ, ಕೆಳಗಿನ ಅರ್ಧ ಮಣ್ಣಿನಲ್ಲಿ. ಮಳೆಗಾಲದಲ್ಲಿ ಕುಣಿಯ ತಂಪು ಇಡೀ ಮನೆಗೆ ಏರುತ್ತಿತ್ತು. ಗಂಗಿ ಹುಟ್ಟಿದಾಗಿನಿಂದ ಕೆಮ್ಮುತ್ತಿದ್ದಳು.

ಅದರ ಹಿಂದಿನ ವರ್ಷ ಧಾರವಾಡಕ್ಕೆ ಪೊಲೀಸ್ ಭರ್ತಿಗೆ ಹೋಗಿದ್ದೆ. ಎತ್ತರ ಸರಿಯಿತ್ತು, ಎದೆ ಸರಿಯಿತ್ತು. ಒಂದು ಮೈಲು ಓಡಿಸಿದರು. ಮುಕ್ಕಾಲು ಮೈಲಿಗೆ ಮೀನಖಂಡ ಹಿಡಿದು ಮೈದಾನದ ನಡುವೆ ಕೂತುಬಿಟ್ಟೆ. ಅಳತೆಯ ಪಟ್ಟಿ ಹಿಡಿದ ಜಮಾದಾರ ಬಂದು ನನ್ನ ಕಾಲು ನೋಡಿದ.

"ನೇಕಾರ ಏನಲೇ? ಮೂಲಂಗಿ ಹಂಗ ಬೆಳ್ಳಗ ಅದಾವು. ಮುಂದಿನ ವರ್ಷ ಬಾ. ಅದ ಕಡೇದು ನಿನಗ, ಆಮ್ಯಾಲೆ ವಯಸ್ಸು ದಾಟತೈತಿ."

ನನಗೆ ಆ ನೌಕರಿ ಬೇಕಿತ್ತು. ಏಕೆ ಎಂದು ಕೇಳಿದವರಿಗೆ ಆಗ ಗಂಗಿಯ ಕೆಮ್ಮು ಹೇಳುತ್ತಿದ್ದೆ. ಅದು ಸುಳ್ಳಲ್ಲ. ಆದರೆ ಎರಡೂ ಕಾಲು ನೆಲದ ಮೇಲಿಟ್ಟು ಬದುಕಬೇಕು ಎಂಬುದೇ ಮೊದಲಿತ್ತು. ನೀಲವ್ವನಿಗೂ ಬೇಕಿತ್ತು. ಪೊಲೀಸ್ ಲೈನಿನ ಮನೆಗಳಿಗೆ ಎರಡೆರಡು ಕಿಟಕಿ ಇರುತ್ತವೆ ಎಂದು ಯಾರಿಂದಲೋ ಕೇಳಿದ್ದಳು.

ಓಡಲು ಸಿಗುತ್ತಿದ್ದದ್ದು ವಾರಕ್ಕೆ ಒಂದೇ ದಿನ, ಸೋಮವಾರ. ಅದು ಬಸವಣ್ಣನ ದಿನ. ಒಕ್ಕಲಿಗರು ಎತ್ತು ಹೂಡುವುದಿಲ್ಲ. ನಮ್ಮ ಓಣಿಯ ನೇಕಾರರೂ ಅಂದು ಕುಣಿಗೆ ಕಾಲಿಳಿಸುತ್ತಿರಲಿಲ್ಲ. ಗಾಡಿಯಿಲ್ಲದ, ಧೂಳಿಲ್ಲದ ಖಾಲಿ ರಸ್ತೆ. ಆದರೆ ಅಂದೇ ಮುಂದಿನ ವಾರದ ಹಾಸುನೂಲಿಗೆ ಗಂಜಿ ಹಚ್ಚಬೇಕು. ಹಾಸೆಂದರೆ ಮಗ್ಗಕ್ಕೆ ಉದ್ದಕ್ಕೆ ಏರಿಸುವ ನೂಲು. ನಸುಕಿನಲ್ಲೇ ಅದನ್ನು ಓಣಿಯ ಉದ್ದಕ್ಕೂ ಎಳೆದು ಕಟ್ಟಿ, ಜೋಳದ ಗಂಜಿ ಸವರಿ, ಇಬ್ಬರು ಎರಡು ಬದಿಗೆ ನಿಂತು ಒಂದೇ ಹೆಜ್ಜೆಯಲ್ಲಿ ಕುಂಚ ಎಳೆಯುತ್ತ ಹೋಗಬೇಕು. ಎಳೆ ಬಿಡಿಬಿಡಿಯಾಗುವ ಮೊದಲೇ ಬಿಸಿಲು ಬಿದ್ದರೆ ಗಂಜಿ ಒಣಗಿ ಎಳೆಗೆ ಎಳೆ ಅಂಟುತ್ತದೆ. ಹಾಸು ಕೆಟ್ಟಿತು, ವಾರ ಕೆಟ್ಟಿತು.

ಅಪ್ಪ ಬೇಡ ಅನ್ನಲಿಲ್ಲ. "ಬಿಸಲು ಹಾಸಿನ ಮ್ಯಾಲೆ ಬೀಳೂದ್ರಾಗ ನೀ ಇಲ್ಲಿರಬೇಕು. ಅಷ್ಟ. ಉಳದದ್ದು ನಿನ್ನ ಕಾಲು, ನಿನ್ನ ಹಾದಿ" ಎಂದ.

ಬೆಳಕು ಹರಿಯುವಾಗ ಹೊರಟು ಗಜೇಂದ್ರಗಡದ ಅಗಸಿಬಾಗಿಲ ಕಲ್ಲು ಮುಟ್ಟಿ ಓಡುತ್ತಲೇ ತಿರುಗಬೇಕು. ಅಲ್ಲಿಯವರೆಗೆ ನನ್ನ ಕುಂಚ ನೀಲವ್ವನ ಕೈಯಲ್ಲಿ, ಗಂಗಿ ಅವಳ ಬೆನ್ನಿನಲ್ಲಿ. ನಾನು ಬೆವರು ಸುರಿಸುತ್ತ ಓಣಿಗೆ ಬಂದೊಡನೆ ಅವಳು ನಡೆಯುತ್ತಲೇ ಕುಂಚ ದಾಟಿಸಿ ಪಕ್ಕಕ್ಕೆ ಸರಿಯುತ್ತಿದ್ದಳು. ಕೈ ಬದಲಾದದ್ದು ಅಪ್ಪನ ಹೆಜ್ಜೆಗೆ ಗೊತ್ತಾಗುತ್ತಿರಲಿಲ್ಲ. ಆ ವರ್ಷದ ಒಳ್ಳೆಯದು ಏನಾದರೂ ಇದ್ದರೆ ಅದಿಷ್ಟೇ.

ಆದರೆ ಮೊದಲ ಸೋಮವಾರ ಹಾಗಾಗಲಿಲ್ಲ. ನಮ್ಮ ಕಡೆ ಆಗ ಬೆಳೆದ ಗಂಡಸು ಸುಮ್ಮನೆ ಓಡುತ್ತಿರಲಿಲ್ಲ. ಓಡಿದನೆಂದರೆ ಸಾವು, ಬೆಂಕಿ, ಹಾವು, ಮೂರರಲ್ಲೊಂದು. ಅವನು ಕೂಗಬೇಕಿಲ್ಲ, ನಿಂತು ಹೇಳಬೇಕಿಲ್ಲ. ಹೊಲದಲ್ಲಿದ್ದವರು ಓಡುವವನನ್ನು ಕಂಡರೆ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ಗಾಡಿ ಹೂಡಿ, ಅವನು ಯಾವ ಊರ ಕಡೆಯಿಂದ ಬಂದನೋ ಆ ಊರಿಗೆ ಧಾವಿಸುತ್ತಿದ್ದರು. ಇದು ನನಗೂ ಗೊತ್ತಿತ್ತು. ತಲೆಯಲ್ಲಿ ಮೀನಖಂಡದ ಚಿಂತೆಯೊಂದೇ ಇದ್ದುದರಿಂದ ಹೊಳೆಯಲಿಲ್ಲ.

ಯುಗಾದಿಯ ಆಸುಪಾಸು, ತಂಪು ಹೊತ್ತಿನಲ್ಲಿ ಹತ್ತಿ ಬಿಡಿಸಲು ಜನ ಹೊಲಕ್ಕೆ ಇಳಿದಿದ್ದರು. ನಾನು ಓಡುತ್ತ ನಡೆಯುತ್ತ ಎಂಟು ಮೈಲು ಮುಗಿಸಿ ಏದುಸಿರು ಬಿಡುತ್ತ ಓಣಿಗೆ ಬಂದರೆ ಮನೆಯ ಮುಂದೆ ಮೂವತ್ತು ಜನ. ಕಟ್ಟೆಯ ಮೇಲೆ ಹೆಂಗಸರು ಅಳುತ್ತಿದ್ದಾರೆ. ಅವರ ನಡುವೆ ಅಪ್ಪ ಕುಂಚ ಹಿಡಿದು ನಿಂತಿದ್ದಾನೆ. ಹಾಸು ಒಣಗುತ್ತಿದೆ.

"ಯಾರು ಹೋದ್ರೋ ಶಿವಪ್ಪಾ?" ಎಂದರು ಊರ ಗೌಡರು.

"ಯಾರೂ ಇಲ್ರಿ."

"ಮತ್ತ ಯಾಕ ಓಡಿದಿ?"

"ಓಡೂ ಸಲುವಾಗಿ ಓಡಿದೆ ರಿ. ಪೊಲೀಸ್ ಭರ್ತಿಗೆ."

ಮೊದಲು ನಕ್ಕವನು ಕಳಕಪ್ಪ. ಹಳ್ಳದಾಚೆ ರಸ್ತೆಗೆ ಹತ್ತಿದ ಮೊದಲ ಹೊಲ ಅವನದು. ಯಾರನ್ನೂ ಹಾಗೇ ಬಿಟ್ಟವನಲ್ಲ. "ಅಯ್ಯ ನಿನ್ನ! ಎತ್ತಿಗೆ ಸೂಟಿ ಇದ್ದ ದಿನಾ ನೋಡಿ ಕುದುರಿ ಬಿಟ್ಟಾನ ಈರಪ್ಪ. ಸೋಮವಾರದ ಕುದುರಿ!" ಅಳುತ್ತಿದ್ದ ಹೆಂಗಸರು ಸೆರಗಿನಿಂದ ಮೂಗು ಒರೆಸಿಕೊಂಡು ನಕ್ಕರು.

ಗೌಡರು ನಗಲಿಲ್ಲ. ಹೂಡಿಕೊಂಡು ಬಂದಿದ್ದ ಎತ್ತಿನ ಹೆಗಲ ಮೇಲೆ ಕೈಯಿಟ್ಟು ನಿಂತರು. "ಬಸವಣ್ಣನ ವಾರ ನಮ್ಮ ಕೈಲೆ ಎತ್ತು ಹೂಡಿಸಿದಿ" ಎಂದರು. "ಓಡು, ಬ್ಯಾಡನ್ನೂದಿಲ್ಲ. ಆದ್ರ ಗುರುತು ಒಂದು ಇಟ್ಕೊ. ತಲಿಗೆ ಕೆಂಪು ವಸ್ತ್ರ ಕಟ್ಕೊಂಡು ಓಡು. ಅದನ್ನ ಕಂಡ್ರ ನಾವು ಎತ್ತಿನ ಹಗ್ಗ ಮುಟ್ಟೂದಿಲ್ಲ. ಬರೇ ತಲೀಲೆ ಓಡಿದ್ರ ಗಾಡಿ ಬರ್ತೈತಿ, ಸೋಮವಾರ ಇದ್ರೂ ಬರ್ತೈತಿ. ಆತಿಲ್ಲೋ?"

"ಆತ್ರಿ" ಎಂದೆ.

ಮಗ್ಗದಲ್ಲಿ ಉಳಿದಿದ್ದ ಕೆಂಪು ತುಂಡೊಂದನ್ನು ನೀಲವ್ವ ಕತ್ತರಿಸಿ, ಅಂಚು ಹೊಲಿದು, ಬಾಗಿಲ ಪಕ್ಕದ ಗೂಟಕ್ಕೆ ತೂಗುಹಾಕಿದಳು.

ಆಮೇಲೆ ನನ್ನ ಓಟ ಊರಿಗೆ ರೂಢಿಯಾಯಿತು. ಕಳಕಪ್ಪ ಬದುವಿನ ಮೇಲೆ ನಿಂತು "ಕುದುರಿಗೆ ಹುರಳಿ ಹಾಕೀಯೇನವಾ ನೀಲವ್ವಾ ಅಂತ ಕಳಕಪ್ಪ ಕೇಳ್ಯಾನ ಅಂತ ಹೇಳಲೇ!" ಎಂದು ಕೂಗುತ್ತಿದ್ದ. ನಾನು ಉತ್ತರ ಕೊಡುತ್ತಿರಲಿಲ್ಲ. ಮಿಲಿಟರಿಯಿಂದ ಬಂದಿದ್ದ ಒಬ್ಬ ಗಜೇಂದ್ರಗಡದಲ್ಲಿ ಹೇಳಿಕೊಟ್ಟಿದ್ದ, ಓಡುವಾಗ ಬಾಯಿ ಮುಚ್ಚಿರಬೇಕು, ಮೂಗಿನಿಂದಲೇ ಉಸಿರಾಡಬೇಕು, ಮಾತಾಡಿದರೆ ಉಸಿರಿನ ಕಟ್ಟು ಒಡೆಯುತ್ತದೆ ಎಂದು. ಅದನ್ನು ಚೆನ್ನಾಗಿ ಕಲಿತೆ. ಕಾಲಿಗಿಂತ ಬಾಯಿ ಬೇಗ ಪಳಗಿತು.

ಮಳೆ ಹಿಡಿಯಿತು. ಗಜೇಂದ್ರಗಡದ ಗುಡ್ಡದ ಕಡೆ ಕೆಂಪು ಮಣ್ಣು, ನೀರು ಇಂಗುತ್ತದೆ. ಅಲ್ಲಿಂದ ಈಚೆಗೆ ನಮ್ಮೂರವರೆಗೂ ಎರೆ ಮಣ್ಣು. ಒಂದು ಮಳೆ ಬಿದ್ದರೆ ಹೆಜ್ಜೆಗೆ ಎರಡು ಸೇರು ಮಣ್ಣು ಕಾಲಿಗೆ ಹತ್ತುತ್ತಿತ್ತು. ಶ್ರಾವಣದ ಒಂದು ಸೋಮವಾರ ತಡವಾಯಿತು. ಮೋಡ ಇದೆಯಲ್ಲ ಎಂದು ನೆಚ್ಚಿದ್ದೆ, ಮೋಡ ಸರಿಯಿತು. ನಾನು ಬರುವ ಹೊತ್ತಿಗೆ ಹಾಸು ಕಸಬರಿಗೆಯ ಹಂಚಿಕಡ್ಡಿಯಂತೆ ಬಿರುಸಾಗಿತ್ತು. ಅಪ್ಪ ಓಣಿಯಲ್ಲೇ ಕೂತು ಅಂಟಿದ ಎಳೆಗಳನ್ನು ಉಗುರಿನಿಂದ ಬಿಡಿಸತೊಡಗಿದ. ಸಂಜೆಯವರೆಗೂ ಬಿಡಿಸಿದ.

ನೀಲವ್ವ ನನ್ನ ಮುಂದೆ ರೊಟ್ಟಿಯ ತಾಟು ಇಟ್ಟು ಹೇಳಿದಳು. "ನೀವೊಬ್ಬರ ಓಡಾಕತ್ತೀರಿ ಅಂತ ತಿಳಕೊಂಡೀರಿ. ಮನ್ಯಾಗ ಮೂರೂ ಮಂದಿ ನಿಮ್ಮ ಹಿಂದ ಓಡಾಕತ್ತೇವ್ರಿ. ಹಿಂದ ತಿರುಗಿ ನೋಡಿದ್ರ ಗೊತ್ತಾಗ್ತಿತ್ತು."

ಇದನ್ನು ಅವಳು ಅಂದೇ ಹೇಳಿದಳೋ, ಎಷ್ಟೋ ವರ್ಷಗಳ ನಂತರ ಹೇಳಿದ್ದನ್ನು ನಾನು ಅಂದಿಗೆ ಜೋಡಿಸಿಕೊಂಡೆನೋ. ತಾಟಿನ ನೆನಪಂತೂ ಖಚಿತವಾಗಿದೆ. ಅದರ ಅಂಚು ಒಂದು ಕಡೆ ನೆಗ್ಗಿತ್ತು.

ಭರ್ತಿಯ ಕಾಗದ ಬಂತು. ದಸರೆ ಮುಗಿದ ಮೇಲೆ ಧಾರವಾಡಕ್ಕೆ ಬರಬೇಕು. ವಯಸ್ಸಿನ ದಾಖಲೆಗಾಗಿ ರೋಣದ ಕಚೇರಿಗೆ ಎರಡು ಸಲ ಅಲೆದೆ. ಉಳಿದದ್ದು ಐದೋ ಆರೋ ವಾರ. ವಾರಕ್ಕೊಂದು ಓಟ ಸಾಲದು ಅನ್ನಿಸಿತು. ಬುಧವಾರವೂ ಓಡುತ್ತೇನೆ ಎಂದು ಅಪ್ಪನನ್ನು ಕೇಳಿದೆ. ಲಾಳಿ ಎಸೆಯುತ್ತಲೇ ಕೇಳಿಸಿಕೊಂಡ.

"ಓಡು. ನೀ ಬಂದು ಮೈ ತೊಳಕೊಂಡು ಉಂಡು ಕೂಡೂತನಕ ನಿನ್ನ ಮಗ್ಗದಾಗ ನಾ ಕೂಡ್ತೇನಿ. ನಿನ್ನ ಸೀರಿ ಹಿಂದ ಬೀಳಬಾರ್ದು." ಒಂದು ಎಳೆ ಕಡಿಯಿತು, ಗಂಟು ಹಾಕಿ ಮುಂದುವರಿಸಿದ. "ಪೊಲೀಸ ಆದಮ್ಯಾಲೆ ಮದಲ ಆ ಕಳಕ್ಯಾನ್ನ ಹಿಡದು ಒಳಗ ಹಾಕು."

ಅಪ್ಪ ತಮಾಷೆ ಮಾಡಿದ್ದು ನಾನು ಕಂಡಂತೆ ಅದೊಂದೇ ಸಲ.

ಮೂರನೆಯ ಬುಧವಾರ. ಹಿಂಗಾರಿ ಜೋಳದ ಬಿತ್ತಿಗೆಗೆ ಹದ ಸಿಕ್ಕಿತ್ತು, ಊರಿನ ಎತ್ತು, ಗಾಡಿ, ಜನ ಎಲ್ಲ ರಸ್ತೆಯ ಎರಡೂ ಬದಿಯ ಹೊಲಗಳಲ್ಲಿ. ಊರಲ್ಲಿ ಮುದುಕರು, ನೇಕಾರರು ಅಷ್ಟೇ. ನಾನು ನಸುಕಿನಲ್ಲೇ ಓಡಿ ಬಂದು, ಸ್ನಾನ ಮಾಡಿ, ಒಲೆಯ ಮುಂದೆ ಕೂತಿದ್ದೆ. ಅಪ್ಪ ನನ್ನ ಮಗ್ಗದಲ್ಲಿ ಕೂತಿದ್ದ. ಲಾಳಿಯ ಸದ್ದು ನಿಂತಿತು.

"ಶಿವಪ್ಪಾ, ಹುಳ ಮುಟ್ತು ನೋಡು" ಎಂದ. ನೀರು ಕೇಳುವ ದನಿಯಲ್ಲಿ. ನಮ್ಮಲ್ಲಿ ಹಾವಿನ ಹೆಸರು ಎತ್ತುವುದಿಲ್ಲ, ಹುಳ ಎನ್ನುತ್ತೇವೆ.

ಮಳೆಗಾಲದಲ್ಲಿ ಪ್ರತಿ ಮಗ್ಗದ ಪಕ್ಕ ಒಂದು ಕೋಲು ಇರುತ್ತಿತ್ತು. ಕಾಲಿಳಿಸುವ ಮೊದಲು ಕುಣಿಯ ಮೂಲೆಗಳನ್ನು ಬಡಿಯಲಿಕ್ಕೆ. ಅಪ್ಪ ತನ್ನ ಕುಣಿಯನ್ನು ಬಡಿಯದೆ ಎಂದೂ ಇಳಿದವನಲ್ಲ. ನನ್ನ ಕುಣಿಯನ್ನು ನಾನು ಬಡಿದಿದ್ದೇನೆ ಎಂದುಕೊಂಡನೇ? ಅಂದು ಹಾಗೆ ಯೋಚಿಸಿದ್ದು ನೆನಪಿಲ್ಲ. ಇದು ಆಮೇಲೆ ನಾನೇ ಸೇರಿಸಿಕೊಂಡದ್ದು ಇರಬಹುದು.

ಹಿಮ್ಮಡಿಯ ಮೇಲೆ ಎರಡು ಚುಕ್ಕೆ. ನೀಲವ್ವ ನೂಲಿನ ಲಡಿ ತಂದು ಅಪ್ಪನ ತೊಡೆಗೆ ಬಿಗಿಯತೊಡಗಿದಳು. "ನೀವು ಹೋಗ್ರಿ ಲಗೂ. ನಿಮ್ಮನ್ನ ಕಂಡು ಗಾಡಿ ಬರ್ತೈತಿ. ಮಾವಾರನ್ನ ಅದರಾಗ ಹಾಕ್ಕೊಂಡು ಎದರಿಗೆ ಬರ್ತೇನಿ. ನೀವು ಡಾಕ್ಟರನ್ನ ಕರ್ಕೊಂಡು ಆ ಕಡಿಂದ ಬರ್ರಿ." ಅರ್ಧ ದಾರಿಯಲ್ಲಿ ಸೂಜಿ ಸಿಗುತ್ತದೆ ಎಂಬುದು ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು.

ಓಡಿದೆ. ಅಂದಿನಷ್ಟು ಚೆನ್ನಾಗಿ ನಾನು ಎಂದೂ ಓಡಲಿಲ್ಲ, ಮುಂದೆ ಧಾರವಾಡದಲ್ಲೂ. ಬಾಯಿ ಮುಚ್ಚಿತ್ತು. ಹೆಜ್ಜೆ, ಉಸಿರು ಎರಡೂ ಒಂದೇ ತೂಕದಲ್ಲಿ ಬೀಳುತ್ತಿದ್ದವು. ಹಳ್ಳ ದಾಟಿದೆ. ಕಳಕಪ್ಪ ಕೂರಿಗೆಯ ಹಿಂದೆ ಬೀಜ ಬಿಡುತ್ತ ನಡೆದಿದ್ದ. ತಲೆಯೆತ್ತಿ ನೋಡಿ ಕೈ ಎತ್ತಿದ, ಏನೋ ಕೂಗಿದ. ಗಾಳಿಗೆ ಕೇಳಲಿಲ್ಲ. ಆಚೆ ಹೊಲದವರೂ ಕೈ ಎತ್ತಿದರು. ಅವರಿಗೆ ತಿಳಿಯಿತು, ಗಾಡಿ ಹೊರಟಿತು ಎಂದುಕೊಂಡೆ. ಕೂಗುವ ಅಗತ್ಯವೇ ಕಾಣಲಿಲ್ಲ. ಓಡುವವನು ಕೂಗಬೇಕಿಲ್ಲವಲ್ಲ.

ಡಾಕ್ಟರು ಮನೆಯಲ್ಲೇ ಇದ್ದರು. ಚೀಲ ತೆಗೆದುಕೊಂಡು ತಡಮಾಡದೆ ಟಾಂಗಾ ಹತ್ತಿದರು. ಕೆಂಪು ಮಣ್ಣು ಮುಗಿದು ಎರೆ ಶುರುವಾದಲ್ಲಿ ಟಾಂಗಾದ ಗಾಲಿ ಕಚ್ಚಿಕೊಂಡಿತು. ಕುದುರೆ ಎಳೆಯಲಿಲ್ಲ. ಇಳಿದು ನಡೆದೆವು. "ನಿಮ್ಮ ಗಾಡಿ ಎಲ್ಲಿಗೆ ಬಂದಿರಬೇಕು?" ಎಂದು ಕೇಳಿದರು. "ಇಲ್ಲೇ ರಿ, ಈ ತಿರುವಿಗೆ ಬರ್ತೈತ್ರಿ" ಎಂದೆ. ಆ ತಿರುವಿನಲ್ಲಿ ಇರಲಿಲ್ಲ. ಮುಂದಿನ ತಿರುವಿನಲ್ಲೂ ಇರಲಿಲ್ಲ. ಹೊಲಗಳಲ್ಲಿ ಎತ್ತುಗಳು ಮೆಲ್ಲಗೆ ಹೋಗುತ್ತಿದ್ದವು, ಬರುತ್ತಿದ್ದವು.

ಕಳಕಪ್ಪ ಸಾಲಿನ ಕೊನೆಗೆ ಬಂದು ಕೂರಿಗೆ ತಿರುಗಿಸುತ್ತಿದ್ದ.

"ಏ ಕುದುರಿ, ಇವತ್ತ ಎರಡು ಸುತ್ತೇನಲೇ? ಡಾಕ್ಟರನ್ನೂ ಓಟಕ್ಕ ಹಚ್ಚೀಯಲ್ಲ!"

"ಅಪ್ಪಗ ಹುಳ ಮುಟ್ಟೇತಿ" ಎಂದೆ. "ಗಾಡಿ ಯಾಕ ಹೂಡಲಿಲ್ಲೋ?"

ಅವನ ಮುಖದ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಕೈಯೆತ್ತಿ ನನ್ನ ತಲೆ ತೋರಿಸಿದ.

ಮುಟ್ಟಿ ನೋಡಿಕೊಂಡೆ. ಕೆಂಪು ವಸ್ತ್ರ ಬೆವರಿನಲ್ಲಿ ತೊಯ್ದಿತ್ತು.

ಕಳಕಪ್ಪ ಕೂರಿಗೆಯನ್ನು ಅಲ್ಲೇ ಕೆಡವಿ, ಎತ್ತು ಬಿಚ್ಚಿಕೊಂಡು, ಗಾಡಿ ಇದ್ದಲ್ಲಿಗೆ ಅತ್ತಂತೆ ಕೂಗುತ್ತ ಓಡಿದ. ಒಂದು ಹೊಲದವರನ್ನು ನೋಡಿ ಇನ್ನೊಂದು ಹೊಲದವರು ಓಡಿದರು. ಎಲ್ಲ ಹೊಲಗಳು ಒಮ್ಮೆಲೆ ಖಾಲಿಯಾದವು. ಮೂರು ಗಾಡಿ ಬಂದವು. ನಾವು ಆಗಲೇ ನಮ್ಮೂರ ಅಗಸಿ ದಾಟಿದ್ದೆವು.

ಗಾಡಿ ಬಂದೊಡನೆ ಹತ್ತಿಸಲು ಅನುಕೂಲವಾಗಲಿ ಎಂದು ನೀಲವ್ವ ಅಪ್ಪನನ್ನು ಹೊರಗಿನ ಕಟ್ಟೆಗೆ ಎಳೆತಂದು, ಬಾಗಿಲ ಚೌಕಟ್ಟಿಗೆ ಒರಗಿಸಿ, ಮುಖ ರಸ್ತೆಯ ಕಡೆ ಇರುವಂತೆ ಗದ್ದ ಹಿಡಿದುಕೊಂಡು ಕೂತಿದ್ದಳು. ತುಟಿಯ ಮೇಲೆ ಅಗಿದ ಬೇವಿನ ಸೊಪ್ಪು. ವಿಷ ಏರಿದವನ ನಾಲಿಗೆಗೆ ಕಹಿ ಹತ್ತುವುದಿಲ್ಲ, ಅದನ್ನು ನೋಡಲು ಕೊಟ್ಟಿದ್ದಳಂತೆ, ಸಪ್ಪಗಿದೆ ಎಂದನಂತೆ. ಗಾಡಿ ಬಂತೇನು, ಗಾಡಿ ಬಂತೇನು ಎಂದು ಕೇಳುತ್ತಿದ್ದನಂತೆ, ನಾಲಿಗೆ ದಪ್ಪವಾಗುವವರೆಗೆ. ಡಾಕ್ಟರು ಕೈ ಹಿಡಿದು ನೋಡಿ ಕೆಳಗಿಟ್ಟರು.

"ಗಾಡಿ ಬಂದಿದ್ರ?" ಎಂದು ಕೇಳಿದೆ.

ಅವರು ಕಡ್ಡಿಯೊಂದರಿಂದ ಬೂಟಿನ ಎರೆ ಮಣ್ಣು ತೆಗೆಯುತ್ತಿದ್ದರು. "ಹೇಳಾಕ ಬರೂದಿಲ್ಲ" ಎಂದರು.

ಯಾರೂ ನನಗೆ ಏನೂ ಅನ್ನಲಿಲ್ಲ. ಗೌಡರು ಬಂದು ಬಹಳ ಹೊತ್ತು ಕೂತು, ಏಳುವಾಗ "ಗುರುತು ಹೇಳಿದಾಂವ ನಾನು" ಎಂದರು. ಕಳಕಪ್ಪ ಅಪ್ಪನಿಗೆ ಹೆಗಲು ಕೊಟ್ಟ. ಅಂದಿನಿಂದ ನನ್ನನ್ನು ಹೆಸರು ಹಿಡಿದೇ ಕರೆದ. ನನಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ.

ದಸರೆ ಕಳೆದ ಮೇಲೆ ಧಾರವಾಡಕ್ಕೆ ಹೋದೆ. ಹೋಗಬಾರದಿತ್ತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಹೋದೆ, ಮೂಗಿನಿಂದ ಉಸಿರಾ‌ಡುತ್ತ ಒಂದು ಮೈಲು ಓಡಿದೆ, ಮೂರನೆಯವನಾಗಿ ಬಂದೆ. ಮೊದಲ ನೇಮಕ ನರಗುಂದಕ್ಕೆ. ಲೈನಿನ ಮನೆಗೆ ನಿಜವಾಗಿಯೂ ಎರಡು ಕಿಟಕಿ ಇದ್ದವು. ಗಂಗಿಯ ಕೆಮ್ಮು ನಿಂತಿತು.

ನೀಲವ್ವ ಒಂದು ದಿನ ಆ ಕಿಟಕಿಯ ಬಳಿ ಅಕ್ಕಿ ಆರಿಸುತ್ತ, ನಾನು ಕೇಳದಿದ್ದರೂ ಹೇಳಿದಳು. "ವಸ್ತ್ರ ನಾನ ಕೊಟ್ಟೆ ರಿ. ಗಡಿಬಿಡ್ಯಾಗ ಗೂಟದ ಮ್ಯಾಲಿಂದು ತಗದು ನಿಮ್ಮ ಕೈಯಾಗ ಇಟ್ಟೆ. ನೀವು ನೋಡಲಿಲ್ಲ, ಕಟ್ಕೊಂಡ್ರಿ." ನಲವತ್ತು ವರ್ಷದಲ್ಲಿ ಇದನ್ನು ಮತ್ತೆ ಮತ್ತೆ ಹೇಳಿದಳು. ಪ್ರತಿ ಸಲವೂ ಒಂದಿಷ್ಟು ಬೆಳೆಯುತ್ತಿತ್ತು: ಎಡಗೈಯಿಂದ ಕೊಟ್ಟೆ, ಗಂಗಿ ಅಳುತ್ತಿದ್ದಳು, ನೀವು ಹೊಸಲಿನ ಮೇಲೆ ನಿಂತಿದ್ದಿರಿ. ನನ್ನ ನೆನಪಿನಲ್ಲಿ ಅವಳ ಎರಡೂ ಕೈ ಅಪ್ಪನ ತೊಡೆಯ ಮೇಲಿವೆ, ನೂಲು ಬಿಗಿಯುತ್ತಿವೆ. ನಾನೇ ಗೂಟಕ್ಕೆ ಕೈ ಹಾಕುತ್ತಿದ್ದೇನೆ. ಆದರೆ ಅವಳ ಮಾತನ್ನು ಒಂದು ಸಲವೂ ತಿದ್ದಲಿಲ್ಲ. ಹೂಂ ಅನ್ನುತ್ತಿದ್ದೆ. ಅವಳು ಅದನ್ನು ಹೊತ್ತುಕೊಂಡೇ ನಾಲ್ಕು ವರ್ಷದ ಹಿಂದೆ ತೀರಿಕೊಂಡಳು.

ಅವಳ ಮಾತಿನಂತೆಯೋ ನನ್ನ ನೆನಪಿನಂತೆಯೋ, ವಸ್ತ್ರ ತಲೆಗೇರುವುದು ಮನೆಯಲ್ಲಿ, ಗಡಿಬಿಡಿಯಲ್ಲಿ. ಎರಡರಲ್ಲೂ ಓಡುವವನಿಗೆ ತನ್ನ ತಲೆಯ ಮೇಲೇನಿದೆ ಎಂದು ಗೊತ್ತಿಲ್ಲ. ಇಬ್ಬರೂ ಅದನ್ನು ಅಲ್ಲಿಗೇ ಬಿಟ್ಟಿದ್ದೆವು. ಬಸ್ಸು ಹಳ್ಳದ ಹತ್ತಿರ ನಿಲ್ಲದಿದ್ದರೆ ನಾನೂ ಅಲ್ಲಿಗೇ ಬಿಡುತ್ತಿದ್ದೆ.

ಅಂದು ಹಳ್ಳಕ್ಕೆ ಇಳಿಯುವಲ್ಲಿ ಗಂಟು ಸಡಿಲವಾಯಿತು. ವಸ್ತ್ರ ಜಾರಿ ಕಣ್ಣಿನ ಮೇಲೆ ಬಂತು. ಒಂದು ಕ್ಷಣ ರಸ್ತೆಯೆಲ್ಲ ಕೆಂಪಾಗಿ ಕಂಡಿತು. ಬಿಟ್ಟಿದ್ದರೆ ಬಿದ್ದುಹೋಗುತ್ತಿತ್ತು, ಕಳಕಪ್ಪನ ಹೊಲ ಇನ್ನೂ ಮುಂದಿತ್ತು. ಎರಡೂ ಕೈ ಹಿಂದಕ್ಕೆ ಎತ್ತಿ, ಹೆಜ್ಜೆ ತಪ್ಪದಂತೆ, ಓಡುತ್ತಲೇ ಅದನ್ನು ಬಿಗಿಯಾಗಿ ಕಟ್ಟಿಕೊಂಡೆ.